ಅಂಗಳದ ಆಸನ

ಹೋಳಿ ಹುಣ್ಣಿಮೆ ಕಳೆಯಿತೆಂದರೆ ನಮ್ಮ ಮೈಂದರ್ಗಿಯಲ್ಲಿ ಮನೆಯ ಬಾಳುವೆಯೆಲ್ಲ ಅಂಗಳಕ್ಕೆ ಇಳಿಯುತ್ತದೆ. ಹಗಲು 40 ಡಿಗ್ರಿ ದಾಟುವ ಬಿಸಿಲಿಗೆ ಕಾದ ಗೋಡೆಗಳು ನಡುರಾತ್ರಿಯವರೆಗೂ ಆರುವುದಿಲ್ಲ. ಆದುದರಿಂದ ಹೊರಗೆ ಯಾವ ಆಸನವಿರಬೇಕು, ಅದನ್ನು ಎಲ್ಲಿ ಇಡಬೇಕು ಎಂಬುದು ನಮ್ಮವರಿಗೆ ಬರಿಯ ಅಲಂಕಾರದ ಮಾತಲ್ಲ. ಇದನ್ನು ನಾವು ಅರಿತದ್ದು ಪೆಟ್ಟು ತಿಂದ ಮೇಲೆ.

ಹೊಸ ಮನೆ ಕಟ್ಟಿಸಿದಾಗ ಹಳೆಯ ಹೊರಸನ್ನು ಅಟ್ಟಕ್ಕೇರಿಸಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ ತಂದೆವು. ಅಗ್ಗ, ಹಗುರ, ತೊಳೆದರೆ ಹೊಸದರಂತೆ. ಆರು ಬೇಸಿಗೆ ಅವು ಹೊರಗೇ ಬಿದ್ದಿದ್ದವು. ಒಂದು ಸಂಜೆ ಅತ್ತೆಯವರು ಕುರ್ಚಿಯ ತೋಳಿಗೆ ಕೈಯೂರಿ ಏಳಹೋದಾಗ ಹಿಂಗಾಲು ಲಟಕ್ಕನೆ ಮುರಿಯಿತು; ಬಿದ್ದ ಭರಕ್ಕೆ ಅವರ ಮಣಿಕಟ್ಟಿನ ಎಲುಬು ಬಿರುಕುಬಿಟ್ಟಿತು. ಮಾರಿದವನನ್ನು ಬೈದು ಫಲವೇನು? ತಪ್ಪು ನಮ್ಮದು. ಇಂಥ ಕುರ್ಚಿಗಳು ಬಹುಮಟ್ಟಿಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಅದನ್ನು ವರ್ಷವರ್ಷಕ್ಕೆ ಪೆಡಸು ಮಾಡುತ್ತವೆ. ಬಣ್ಣ ಮಾಸಿ, ಬೆರಳಿನಿಂದ ಒರೆಸಿದರೆ ಸುಣ್ಣದಂಥ ಪುಡಿ ಹತ್ತಿದರೆ, ಕಾಲಿನ ಸಂದಿಯಲ್ಲಿ ಕೂದಲೆಳೆಯ ಸೀಳು ಕಂಡರೆ, ಅದರ ಮೇಲೆ ಹಿರಿಯರನ್ನಾಗಲಿ ಬಸುರಿಯರನ್ನಾಗಲಿ ಕೂಡಿಸಲಾಗದು. ‘ಇನ್ನೊಂದು ವರ್ಷ ನಡೆದೀತು’ ಎಂಬ ಜಿಪುಣತನಕ್ಕೆ ನಾವು ತೆತ್ತ ಬೆಲೆ ಕುರ್ಚಿಯದಕ್ಕಿಂತ ಬಹಳ ದೊಡ್ಡದು.

ಅಟ್ಟದಿಂದ ಹೊರಸು ಇಳಿಯಿತು. 14ನೆಯ ಶತಮಾನದಲ್ಲಿ ಹಿಂದುಸ್ಥಾನಕ್ಕೆ ಬಂದ ಮೊರೊಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ, ಇಲ್ಲಿಯ ಮಂಚವನ್ನು ಒಬ್ಬನೇ ಹೊತ್ತೊಯ್ಯಬಹುದೆಂದು ಬರೆದಿಟ್ಟಿದ್ದಾನೆ. ಅಂಗಳದ ಸಾಮಾನಿಗೆ ಇದಕ್ಕಿಂತ ಹೆಚ್ಚಿನ ಗುಣ ಯಾವುದು? ಬೇವಿನ ನೆರಳು ಸರಿದಂತೆ ಹೊರಸೂ ಸರಿಯುತ್ತದೆ. ಹೆಣಿಗೆಯ ಸಂದಿಯಿಂದ ಬೆನ್ನಿಗೆ ಗಾಳಿಯೂ ತಾಗುತ್ತದೆ.

ಆದರೆ ಅದರ ಹಗ್ಗ ಲಡ್ಡಾಗಿತ್ತು, ಹೆಣೆಯುವವರು ಸುತ್ತಮುತ್ತ ದೊರೆಯಲಿಲ್ಲ. ಅತ್ತೆಯವರು ಕೈಗೆ ಪ್ಲಾಸ್ಟರ್ ಕಟ್ಟಿಸಿಕೊಂಡು ಪಕ್ಕದಲ್ಲಿ ಕುಳಿತು, ಮೊಮ್ಮಗನ ಕೈಯಿಂದಲೇ ಹೆಣೆಯಿಸಿದರು. ಮರಾಠಿ ಶಾಲೆಗೆ ಹೋಗುವ ಹುಡುಗ ಎಳೆಗಳನ್ನು ‘ಏಕ, ದೋನ್’ ಎಂದು ಎಣಿಸುವನು. ಇವರು ‘ಎರಡು ಮ್ಯಾಲ, ಎರಡು ಕೆಳಗ’ ಎಂದು ತಿದ್ದುವರು. ಮೂರು ಸಂಜೆ ಹಿಡಿಯಿತು. ಅಷ್ಟರಲ್ಲಿ ನಾವೂ ಕಲಿತೆವು.

ಹಗ್ಗ ಪುಂಡಿಯ ನಾರಿನದೋ ನೂಲಿನದೋ ಆದರೆ ಮೈಗೆ ಹಿತ. ಬಣ್ಣದ ಪ್ಲಾಸ್ಟಿಕ್ ಹಗ್ಗವೂ ಕುರ್ಚಿಯಂತೆಯೇ ಬಿಸಿಲಿಗೆ ಎಳೆಬಿಡುತ್ತದೆ. ಕಾಲ್ದೆಸೆಯ ಬಿಗಿಹಗ್ಗವನ್ನು ಹದಿನೈದು ದಿನಕ್ಕೊಮ್ಮೆ ಜಗ್ಗಿ ಕಟ್ಟಬೇಕು, ಇಲ್ಲವಾದರೆ ಹೊರಸು ಜೋಳಿಗೆಯಾಗಿ ಹಿರಿಯರಿಗೆ ಏಳುವುದೇ ಕಷ್ಟ. ಎತ್ತರ ಮೊಣಕಾಲಿನಷ್ಟಿರಲಿ. ಮಳೆಗೆ ನೆನೆದ ನಾರು ಕೊಳೆಯುವುದರಿಂದ ಮೃಗಶಿರಾ ಮಳೆಗೆ ಮುನ್ನವೇ ಒಳಗಿಡಬೇಕು. ತಗಣಿ ಸೇರಿದ್ದರೆ ಕಾಲು ಕೂಡುವ ಸಂದಿಗಳಿಗೆ ಕುದಿಯುವ ನೀರು ಹೊಯ್ದು ಒಣಗಿಸಿರಿ. 50 ಡಿಗ್ರಿ ದಾಟಿದ ಕಾವಿನಲ್ಲಿ ತಗಣಿಯಾಗಲಿ ಅದರ ತತ್ತಿಯಾಗಲಿ ಉಳಿಯದು. ಕಾಲುಗಳು ಹಸಿ ಮಣ್ಣಿಗೆ ತಾಗದಂತೆ ಕಲ್ಲು ಕೊಟ್ಟರೆ ಗೆದ್ದಲಿನ ಭಯ ಕಡಿಮೆ. ಕಟ್ಟಿಗೆಗೆ ವರುಷಕ್ಕೊಮ್ಮೆ ಅಗಸೆ ಎಣ್ಣೆ ಸವರಿದರೆ ಸೀಳುವುದು ತಗ್ಗುತ್ತದೆ. ಕಬ್ಬಿಣದ ಕುರ್ಚಿ ಇಟ್ಟವರು ತುಕ್ಕನ್ನು ಉಜ್ಜಿ ತೆಗೆದು ರೆಡ್ ಆಕ್ಸೈಡ್ ಹಚ್ಚಿ, ಅದರ ಮೇಲೆ ಬಣ್ಣ ಬಳಿಯಲಿ. ತುಕ್ಕಿನ ಮೇಲೆಯೇ ಬಳಿದ ಬಣ್ಣ ಹಪ್ಪಳದಂತೆ ಏಳುತ್ತದೆ.

ಇನ್ನು ಸ್ಥಳ. ಮನೆಯ ಮೂಡಣ ಬದಿ ಎಲ್ಲಕ್ಕಿಂತ ಲೇಸು. ಮಧ್ಯಾಹ್ನದ ಮೇಲೆ ಮನೆಯ ನೆರಳೇ ಅಲ್ಲಿ ಬೀಳುವುದರಿಂದ ಬೇಸಿಗೆಯ ಸಂಜೆಗೆ ತಂಪು. ಚಳಿಗಾಲದ ಮುಂಜಾನೆ ಎಳೆಬಿಸಿಲೂ ಅಲ್ಲಿಯೇ. ಪಡುವಣಕ್ಕೆ ಶಹಾಬಾದಿ ಫರಸಿಯ ಕಟ್ಟೆ ಹಾಕಿಸಿದವರು ಅದರ ಮೇಲೆ ಕೂಡಲು ಊಟದ ಹೊತ್ತಿನವರೆಗೆ ಕಾಯಬೇಕಾಗುತ್ತದೆ. ಕಾವು ಹೀರಿದ ಕಲ್ಲು ಬೇಗ ಆರದು, ಎರಡು ಕೊಡ ನೀರು ಹೊಯ್ದರೆ ಮಾತ್ರ ಸ್ವಲ್ಪ ಉಪಕಾರ.

ಮುಂಬಾಗಿಲ ಕಟ್ಟೆ ಗಂಡಸರ ಪಾಲಾಗುವುದು ವಾಡಿಕೆ. ಹಿತ್ತಲ ಬಾಗಿಲ ಬಳಿಯೂ ಒಂದು ಆಸನವಿರಲೆಂದು ನಾವು ಉಳಿದ ಫರಸಿಯ ತುಂಡೊಂದನ್ನು ಎರಡು ಕಲ್ಲಿನ ಮೇಲೆ ಕೂಡಿಸಿದ್ದೇವೆ. ಸದ್ಯಕ್ಕಂತೂ ಅದರ ಮೇಲೆ ನೀರಿನ ಕೊಡ ಕುಳಿತಿದೆ.