ಕೊನೆಯ ತೂಬಿಗೆ ಮೊದಲ ನೀರು

ಭದ್ರಾ ಬಲದಂಡೆ ನಾಲೆಯನ್ನು ಸೀಳಿ ಕುಡಿಯುವ ನೀರು ಒಯ್ಯುವ ಕಾಮಗಾರಿಯ ವಿರುದ್ಧ 2025ರ ಜೂನ್‌ನಲ್ಲಿ ದಾವಣಗೆರೆ ಬಂದ್ ನಡೆಯಿತು. 2023ರ ಸೆಪ್ಟೆಂಬರ್‌ನಲ್ಲೂ ಭದ್ರಾ ನೀರಿಗಾಗಿಯೇ ಬಂದ್ ಆಗಿತ್ತು. ಎರಡೂ ಸಲ ರೈತರ ಸಿಟ್ಟು ನ್ಯಾಯವಾದದ್ದೇ. ಆದರೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ 186 ಅಡಿ ತುಂಬಿದ ವರ್ಷವೂ ಹರಿಹರ ತಾಲ್ಲೂಕಿನ ಭಾನುವಳ್ಳಿಯಂಥ ಕೊನೆ ಭಾಗದ ಊರುಗಳ ಕೂಗು ನಿಲ್ಲುವುದಿಲ್ಲ. ಇದಕ್ಕೆ ಸರ್ಕಾರವನ್ನಷ್ಟೇ ಬೈದರೆ ಅರ್ಧ ಸತ್ಯ ಹೇಳಿದಂತೆ.

ಭದ್ರಾ ಅಚ್ಚುಕಟ್ಟಿನ ದೊಡ್ಡ ಭಾಗವನ್ನು ಗುರುತಿಸಿದ್ದು ಅರೆ ನೀರಾವರಿ ಬೆಳೆಗಳಿಗೆ. ಅಲ್ಲೀಗ ಎರಡು ಹಂಗಾಮು ಭತ್ತ, ಮೇಲ್ಭಾಗದಲ್ಲಿ ಅಡಿಕೆ ತೋಟ, ನಾಲೆಯುದ್ದಕ್ಕೂ ಪಂಪ್‌ಸೆಟ್. ನೀರುಗಳ್ಳತನಕ್ಕೆ ಶಿಕ್ಷೆ ಹೆಚ್ಚಿಸಲು 2024ರಲ್ಲಿ ರಾಜ್ಯದ ನೀರಾವರಿ ಕಾಯ್ದೆಗೆ ತಿದ್ದುಪಡಿಯೇನೋ ಬಂತು. ಮೇಲಿನ ರೈತ ಪೈಪು ಎತ್ತಬೇಕಲ್ಲ? ಅಧಿಕಾರಿ ಬಂದಾಗ ಎತ್ತುತ್ತಾನೆ, ಹೋದಮೇಲೆ ಇಳಿಬಿಡುತ್ತಾನೆ. ನಾಲೆಯಲ್ಲಿ ನೀರು ಬಿಡುವ ಸೌಡಿಯೊಬ್ಬ ರಾತ್ರಿಯೆಲ್ಲ ಎಷ್ಟು ತೂಬು ಕಾದಾನು?

ನೀರು ಬಳಕೆದಾರರ ಸಹಕಾರ ಸಂಘಗಳು ಇರುವುದು ಇದಕ್ಕೇ. ಅವುಗಳ ಕೈಗೆ ತೂಬಿನ ಕೀಲಿ ಕೊಡಿ, ಸರದಿಯನ್ನು ಕೊನೆಯ ಗದ್ದೆಯಿಂದ ಶುರುಮಾಡಿ. ಕೊನೆಯವನ ಪಾಳಿ ಮುಗಿದ ಮೇಲೇ ತನ್ನ ಪಾಳಿ ಎಂದಾದರೆ, ಮೇಲಿನವನೇ ನಾಲೆಯ ಕಾವಲಿಗೆ ನಿಲ್ಲುತ್ತಾನೆ.

ಬೇಸಾಯವೂ ಬದಲಾಗಬೇಕು. ಮುಂಗಾರಿನ ಹದಕ್ಕೆ ಕೂರಿಗೆಯಲ್ಲಿ ಬಿತ್ತಿದ ಭತ್ತಕ್ಕೆ ಸಸಿಮಡಿ ಬೇಡ, ಕೆಸರು ತುಳಿಸುವುದು ಬೇಡ, ನಾಲೆ ನೀರು ತಡವಾದರೂ ಪೈರು ಮಳೆಯಲ್ಲೇ ಏಳುತ್ತದೆ. ಕಳೆ ಮಾತ್ರ ಜಾಸ್ತಿ, ನಿಜ. ಅದಕ್ಕಿಂತ ದೊಡ್ಡ ತೊಡಕು ಬೇರೆ: ಸುತ್ತಲೂ ನಾಟಿ ಗದ್ದೆಯಿದ್ದರೆ ನಡುವಿನ ಒಂದೆಕರೆ ಬಸಿನೀರಿಗೆ ಜವುಳಾಗಿ ಕೂರಿಗೆಯೇ ಹಾಯದು. ಆದ್ದರಿಂದ ಒಂದು ತೂಬಿನ ಕೆಳಗಿನ ಎಲ್ಲರೂ ಕೂಡಿ ನಿರ್ಧರಿಸಬೇಕು, ಕಳೆ ತೆಗೆಯಲು ಹಿಂದಿನಂತೆ ಮುಯ್ಯಾಳು ಕಟ್ಟಿಕೊಳ್ಳಬೇಕು. ಬೇಸಿಗೆಗೆ ಹೆಸರು, ಉದ್ದು, ಅಲಸಂದೆ ಹಾಕಿದರೆ ನೀರೂ ಉಳಿದೀತು, ಎರೆ ಮಣ್ಣಿಗೂ ಉಸಿರು ಬಂದೀತು.

ಒಬ್ಬೊಬ್ಬರೇ ಇದಕ್ಕೆ ಮುಂದಾಗದಿರಲು ಗೊಬ್ಬರದಂಗಡಿಯ ಉದ್ರಿಯೂ ಕಾರಣ. ಸಾಲ ಕೊಟ್ಟವನೇ ಯಾವ ಬೀಜ, ಯಾವ ಔಷಧಿ ಎಂದು ಹೇಳುತ್ತಾನೆ. ಸುಗ್ಗಿಯಲ್ಲಿ ಚೀಲವನ್ನೂ ಅವನೇ ತೂಗಿಸಿಕೊಳ್ಳುತ್ತಾನೆ. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. ಕಣದಲ್ಲೇ ಸಾಲಕ್ಕೆ ಭತ್ತ ಅಳೆದುಕೊಟ್ಟವನಿಗೆ ಅದರಿಂದ ಬಂದದ್ದೇನು?

ಹಾಗಾಗಿ ನೀರಿನ ಸಂಘ ಮತ್ತು ಊರಿನ ಕೃಷಿ ಪತ್ತಿನ ಸಹಕಾರ ಸಂಘ ಒಂದೇ ಸಭೆಯಲ್ಲಿ ಕೂರಬೇಕು. ಬಿತ್ತನೆಗೆ ಮುಂಚೆ ಬೀಜ ಮತ್ತು ಸಾಲ, ಕೊಯ್ಲಿಗೆ ಮುಂಚೆ ಗೋದಾಮು ಮತ್ತು ಖರೀದಿ ಕೇಂದ್ರ. ಬಂದ್‌ಗೆ ಅಂಗಡಿ ಮುಚ್ಚಿಸಿದ ನಾಯಕರು ಮುಂದಿನ ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ಈ ಬೇಡಿಕೆಯಿಟ್ಟು, ಕೊನೆಯಿಂದ ಮೇಲಕ್ಕೆ ನೀರು ಬಿಡುವ ವೇಳಾಪಟ್ಟಿ ಬರಹದಲ್ಲಿ ಸಿಗುವವರೆಗೆ ಮೇಲೇಳಬಾರದು.