ನಾಯಿಗೆ ಲಸಿಕೆ ಹಾಕಿದ್ದು ಸರಿ, ಅದು ಹಿಡಿದಿದೆಯೇ?

ಪುತ್ತೂರು, ಸುಳ್ಯ, ಕಡಬದ ನಮ್ಮ ಹೆಚ್ಚಿನ ಮನೆಗಳಲ್ಲಿ ನಾಯಿ ಸಾಕುವುದಿಲ್ಲ. ಹಾಗಾಗಿ ಊರಲ್ಲಿ ರೇಬಿಸ್ ಲಸಿಕೆಯ ಶಿಬಿರ ನಡೆದರೆ 'ಅದು ನಾಯಿ ಇದ್ದವರ ಕೆಲಸ' ಎಂದು ಸುಮ್ಮನಿರುತ್ತೇವೆ. ಆದರೆ ಬೆಳಗ್ಗೆ ಬೇಗನೆ ಎದ್ದು ಅಡಿಕೆ ತೋಟದ ಬದಿಯಲ್ಲೇ ಮದ್ರಸಕ್ಕೆ ನಡೆಯುವುದು ನಮ್ಮದೇ ಮಕ್ಕಳು. ಆ ದಾರಿಯ ನಾಯಿಗೆ ಹಾಕಿದ ಲಸಿಕೆ ಕೆಲಸ ಮಾಡಿದೆಯೋ ಇಲ್ಲವೋ ಎಂದು ಕೇಳುವ ಹಕ್ಕು ನಾಯಿ ಸಾಕದ ನಮಗೂ ಇದೆ.

ಶಿಬಿರ ಮುಗಿದ ಮೇಲೆ ಸಿಗುವ ಲೆಕ್ಕ, ಇಷ್ಟು ನಾಯಿಗೆ ಚುಚ್ಚಿದೆವು ಎಂಬುದು ಮಾತ್ರ. ಚುಚ್ಚಿದ್ದು ಬೇರೆ, ಹಿಡಿದದ್ದು ಬೇರೆ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇಡಬೇಕು. ಮಳೆಗಾಲದಲ್ಲಿ ಕರೆಂಟ್ ಕೈಕೊಡುವ ಘಟ್ಟದ ಬುಡದ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ತಾಯಿಯಿಂದ ಬಂದ ಪ್ರತಿಕಾಯ ಇನ್ನೂ ಮೈಯಲ್ಲಿರುವ ಎಳೆಮರಿಗೆ ಹಾಕಿದರೆ ಲಸಿಕೆ ಸರಿಯಾಗಿ ಹಿಡಿಯದೆ ಹೋಗಬಹುದು. ಹುಳ ತುಂಬಿ, ಹಸಿದು ಸೊರಗಿದ ಬೀದಿನಾಯಿಯಲ್ಲೂ ಹಾಗೆಯೇ. ಮುಂದಿನ ಡೋಸ್ ತಪ್ಪಿದರೆ ಇದ್ದ ರಕ್ಷಣೆಯೂ ಇಳಿಯುತ್ತದೆ.

ಪರೀಕ್ಷಿಸುವ ದಾರಿ ಇಲ್ಲವೇ? ಇದೆ. ಲಸಿಕೆ ಹಾಕಿ ತಿಂಗಳಾದ ಮೇಲೆ ನಾಯಿಯ ಸ್ವಲ್ಪ ರಕ್ತ ತೆಗೆದು, ಅದರ ಸೀರಮ್‌ನಲ್ಲಿ ಪ್ರತಿಕಾಯ ಎಷ್ಟಿದೆ ಎಂದು ಅಳೆಯುತ್ತಾರೆ. ಮಿಲಿಲೀಟರಿಗೆ 0.5 ಅಂತಾರಾಷ್ಟ್ರೀಯ ಯೂನಿಟ್ ಅಥವಾ ಹೆಚ್ಚು ಇದ್ದರೆ ಲಸಿಕೆ ಹಿಡಿದಿದೆ ಎಂದರ್ಥ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೇಬಿಸ್ ಪತ್ತೆಗೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಇರುವ ಪ್ರಯೋಗಾಲಯವೇ ಇದೆ. ನಮ್ಮ ದೇಶದಿಂದ ಯುರೋಪಿಗೆ ವಿಮಾನ ಹತ್ತುವ ಸಾಕುನಾಯಿಗೆ ಈ ಪರೀಕ್ಷೆ ಕಡ್ಡಾಯ. ಅಲ್ಲಿನವರ ಸುರಕ್ಷೆಗೆ ಬೇಕಾದದ್ದು ನಮ್ಮ ಮಕ್ಕಳಿಗೆ ಬೇಡವೇ?

ಖರ್ಚು ಜಾಸ್ತಿ ಎನ್ನುವವರಿದ್ದಾರೆ. ನಿಜ, ಎಲ್ಲ ನಾಯಿಗೂ ಮಾಡಿಸಲು ಆಗದು, ಬೇಕಾಗಿಯೂ ಇಲ್ಲ. ಅನ್ನ ಬೆಂದಿದೆಯೇ ನೋಡಲು ನಾಲ್ಕು ಅಗುಳು ಸಾಕು. ಊರಿನ 100 ನಾಯಿಗಳಲ್ಲಿ 70ಕ್ಕಾದರೂ ಲಸಿಕೆ ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ 70ರಲ್ಲಿ 20ಕ್ಕೆ ಹಿಡಿಯದಿದ್ದರೆ ಕಾಗದದಲ್ಲಿ 70, ಬೀದಿಯಲ್ಲಿ 50. ಈ ವ್ಯತ್ಯಾಸ ಗೊತ್ತಾಗದೆ 2030ರೊಳಗೆ ನಾಯಿಯಿಂದ ಹರಡುವ ರೇಬಿಸ್ ತೊಲಗಿಸುವ ದೇಶದ ಗುರಿ ಮುಟ್ಟುವುದು ಹೇಗೆ?

ನಮ್ಮ ಬೇಡಿಕೆ ಸರಳ. ಮೂರೂ ತಾಲೂಕುಗಳಲ್ಲಿ ಶಿಬಿರದ ಬಳಿಕ ಸಾಕುನಾಯಿ, ಬೀದಿನಾಯಿ ಎರಡರಿಂದಲೂ ಒಂದಷ್ಟು ಮಾದರಿ ತೆಗೆದು ಪರೀಕ್ಷಿಸಲಿ. ಫಲಿತಾಂಶವನ್ನು ಪಂಚಾಯತ್ ಫಲಕದಲ್ಲಿ ಹಾಕಲಿ. ಕೊಯಿಲದ ಪಶುವೈದ್ಯಕೀಯ ಕಾಲೇಜು ಈ ಕೆಲಸಕ್ಕೆ ಹೆಗಲು ಕೊಡಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಬೇಕಾದವರು ನಾವೇ. ಹಾಗೆಯೇ ಮದುವೆ ಊಟದ ಎಲುಬು, ಕೋಳಿ ಅಂಗಡಿಯ ತ್ಯಾಜ್ಯ ರಸ್ತೆ ಬದಿಗೆ ಎಸೆದು ನಾಯಿಗಳ ಹಿಂಡು ಸೇರಿಸುವುದನ್ನು ನಿಲ್ಲಿಸಬೇಕಾದವರೂ ನಾವೇ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ನಾಯಿಗೆ ಲಸಿಕೆ ಆಗಿದೆ, ಪರೀಕ್ಷೆಯೂ ಆಗಿದೆ ಎಂದು ಕಚ್ಚಿದ ಗಾಯವನ್ನು ಹಗುರ ಮಾಡಬಾರದು. ಕಚ್ಚಲಿ, ಪರಚಲಿ, ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆಯಿರಿ. ನಜಸಿನ ಮಸ್ಅಲ ಆಮೇಲೆ ಉಸ್ತಾದರಲ್ಲಿ ಕೇಳೋಣ, ಹಸಿ ಗಾಯಕ್ಕೆ ಮಣ್ಣು, ಮೆಣಸಿನ ಪುಡಿ, ಸುಣ್ಣ ಯಾವುದೂ ಬೇಡ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದಷ್ಟೂ ಚುಚ್ಚುಮದ್ದು ಮುಗಿಸಿ. ರೋಗಲಕ್ಷಣ ಕಾಣಿಸಿದ ಮೇಲೆ ರೇಬಿಸ್‌ಗೆ ಮದ್ದಿಲ್ಲ.