ಕೂಲಿಯಿಲ್ಲದ ‘ಕೂಲಿ’, ಕೆಲಸವಿಲ್ಲದ ಉಪೇಂದ್ರರು

ಚನ್ನಗಿರಿಯಲ್ಲಿ ಕೂಲಿ ಎಂದರೆ ಅಡಿಕೆ ಸುಲಿದ ಹೆಂಗಸಿಗೆ ಡಬ್ಬದ ಲೆಕ್ಕದಲ್ಲಿ ಸಲ್ಲಬೇಕಾದ ಹಣ. ಹೊನ್ನಾಳಿ, ನ್ಯಾಮತಿಗಳಲ್ಲಿ ಮೆಕ್ಕೆಜೋಳದ ಚೀಲವನ್ನು ಲಾರಿಗೆ ಏರಿಸಿದ ಹಮಾಲನಿಗೆ ಸಲ್ಲಬೇಕಾದ ಹಣ. ಜಗಳೂರಿನಲ್ಲಿ, ಮಳೆ ಕೈಕೊಟ್ಟ ವರ್ಷ ಊರು ಬಿಟ್ಟವನಿಗೆ ಹೋದ ಊರಿನಲ್ಲಿ ಸಿಗುವ, ಎಷ್ಟೋ ಸಲ ಸಿಗದೆಯೇ ಹೋಗುವ ಹಣ. ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಈ ಮಾತಿಗೆ ಅರ್ಥ ಒಂದೇ, ದುಡಿಮೆಯ ಪ್ರತಿಫಲ. ಪ್ರತಿಫಲವನ್ನು ಮರೆಸಿ, ಆ ಮಾತನ್ನು ದುಡಿಯುವ ಮನುಷ್ಯನ ಬೆನ್ನಿಗೇ ಅಂಟಿಸಿದವನು ಬಿಳಿಯ ಧಣಿ. 2025ರ ಆಗಸ್ಟ್ 14ರಂದು ಚೆನ್ನೈಯ ಸನ್ ಪಿಕ್ಚರ್ಸ್ ಸಂಸ್ಥೆಯವರು ಅದೇ ಮಾತನ್ನು ಚಿತ್ರವೊಂದರ ಹೆಸರಾಗಿಸಿ ಮತ್ತೊಮ್ಮೆ ಮಾರಾಟಕ್ಕಿಟ್ಟರು.

ಆ ಚಿತ್ರಕ್ಕಾಗಿ ನಾವು ಕಾದಿದ್ದೆವು. ನಾಯಕರಾದ ಶ್ರೀ ರಜನೀಕಾಂತರು ನಮಗೆ ಪರಕೀಯರೇನಲ್ಲ. ಬೆಂಗಳೂರಿನ ಬಸ್ಸಿನಲ್ಲಿ ಟಿಕೀಟು ಹರಿದು ಬದುಕಿದವರು. 1976ರಲ್ಲಿ ಪುಟ್ಟಣ್ಣ ಕಣಗಾಲರ ‘ಕಥಾಸಂಗಮ’ದಲ್ಲಿ ನಟಿಸಿದವರು. ಆದರೆ ನಮ್ಮ ನಾಲ್ಕು ತಾಲ್ಲೂಕುಗಳ ಹುಡುಗರು ಕಾದದ್ದು ಅವರಿಗಿಂತ ಹೆಚ್ಚಾಗಿ ಶ್ರೀ ಉಪೇಂದ್ರರಿಗಾಗಿ. 1995ರಲ್ಲಿ ‘ಓಂ’ ಚಿತ್ರವನ್ನು ಬರೆದು ನಿರ್ದೇಶಿಸಿ, ರೌಡಿಗಳ ಪಾತ್ರಕ್ಕೆ ನಿಜವಾದ ರೌಡಿಗಳನ್ನೇ ಕರೆತಂದು ಕ್ಯಾಮರಾದ ಮುಂದೆ ನಿಲ್ಲಿಸಿದವರು ಅವರು. 1998ರಲ್ಲಿ ‘ಎ’ ಚಿತ್ರದ ಮೂಲಕ ಸಿನಿಮಾಲೋಕದ ಹೊಲಸನ್ನು ಆ ಲೋಕದೊಳಗೇ ನಿಂತು ಬಯಲಿಗೆಳೆದವರು. ಬೇರೆ ನಾಯಕನಟರು ಅಭಿಮಾನಿಯನ್ನು ಮುದ್ದು ಮಾಡುತ್ತಿದ್ದಾಗ ಇವರು ಅವನನ್ನು ಬೈದರು, ಕೆಣಕಿದರು, ತಲೆ ಓಡಿಸು ಎಂದರು. ಯಾವ ಧಣಿಗೂ ಸಲಾಮು ಹೊಡೆಯದ ಒಬ್ಬನಾದರೂ ಪರದೆಯ ಮೇಲೆ ಇದ್ದಾನೆಂದು ನಮ್ಮ ಹುಡುಗರು ನೆಚ್ಚಿದರು.

ಇನ್ನೊಂದು ಸಂಗತಿಯನ್ನೂ ಓದುಗರು ಮರೆತಿರಲಾರರು. 2017ರಲ್ಲಿ ಇದೇ ಉಪೇಂದ್ರರು ‘ಪ್ರಜಾಕೀಯ’ವೆಂದು ಪಕ್ಷ ಕಟ್ಟಲು ಹೊರಟಾಗ ತೊಟ್ಟದ್ದು ಖಾಕಿ ಅಂಗಿ. ಆಟೋ ಓಡಿಸುವವನ, ದುಡಿಯುವವನ ಉಡುಗೆಯದು. ಆ ರಾಜಕಾರಣದ ವಿಚಾರದಲ್ಲಿ ನಮಗೆ ಬೇಕಾದಷ್ಟು ತಕರಾರುಗಳಿವೆ, ಅವನ್ನು ಬೇರೆಡೆ ಹೇಳುತ್ತೇವೆ. ಅಂಗಿಯ ವಿಚಾರದಲ್ಲಿ ಮಾತ್ರ ತಕರಾರಿರಲಿಲ್ಲ. ಹೀಗೆ ಖಾಕಿ ತೊಟ್ಟಿದ್ದವರು, ‘ಕೂಲಿ’ ಎಂಬ ಹೆಸರಿನ ಚಿತ್ರದಲ್ಲಿ, ಒಂದು ಕಾಲದ ಬಸ್ ಕಂಡಕ್ಟರರ ಜೊತೆಗೆ ನಟಿಸುತ್ತಾರೆಂದರೆ ಏನಾದರೂ ಹುಟ್ಟೀತೆಂದು ನಾವು ಎಣಿಸಿದ್ದು ತಪ್ಪೇ?

ಹುಟ್ಟಿದ್ದೇನು? ಚಿತ್ರದ ನಾಯಕ ದೇವ ಹಿಂದೊಮ್ಮೆ ಕೂಲಿಯಾಗಿದ್ದವನು. ಈಗ ವಸತಿಗೃಹದ ಯಜಮಾನ! ಗೆಳೆಯನ ಸಾವಿನ ಸುಳಿವು ಹಿಡಿದು ಅವನು ವಿಶಾಖಪಟ್ಟಣದ ಬಂದರಿಗೆ ಹೋಗುತ್ತಾನೆ. ಬಂದರೆಂದ ಮೇಲೆ ಸರಕು ಬರಬೇಕು, ಸರಕು ಹೊರುವ ಬೆನ್ನು ಬರಬೇಕು, ಆ ಬೆನ್ನಿಗೆ ದಿನಕ್ಕೆ ಎಷ್ಟು ಕೊಡುತ್ತಾರೆಂಬ ಮಾತು ಬರಬೇಕು. ಇಲ್ಲಿ ಮುಖ್ಯವಾಗಿ ಬರುವುದು ಹೆಣ ಸುಡುವ ಒಂದು ಯಂತ್ರ. ಆ ಯಂತ್ರ ಹೇಗೆ ನಡೆಯುತ್ತದೆಂದು ತೋರಿಸಲು ಇರುವ ಶ್ರದ್ಧೆ ಮನುಷ್ಯ ಹೇಗೆ ದುಡಿಯುತ್ತಾನೆಂದು ತೋರಿಸಲು ಇಲ್ಲ. ಕೂಲಿಗಳ ಹಳೆಯ ಹೋರಾಟವೆಂಬುದು ಹಿನ್ನೆನಪಿನಲ್ಲಿ ಒಮ್ಮೆ ಮಿಂಚಿ, ನಾಯಕನ ಶೌರ್ಯಕ್ಕೆ ಹಿನ್ನೆಲೆಯಾಗಿ ಮಾಯವಾಗುತ್ತದೆ. ತೋಳಿನ ಮೇಲಿನ ಬಿಲ್ಲೆಯಷ್ಟೇ ಉಳಿದ ಕೂಲಿತನ. ರಕ್ತಪಾತಕ್ಕೇನೂ ಕೊರತೆಯಿಲ್ಲ, ಸೆನ್ಸಾರ್ ಮಂಡಳಿ ಮಕ್ಕಳು ನೋಡಬಾರದೆಂದು ‘ಎ’ ಪ್ರಮಾಣಪತ್ರ ಕೊಟ್ಟಿತು. ಉಪೇಂದ್ರರ ಪಾಲಿಗೆ ಎರಡನೆಯ ‘ಎ’ ಬಂದ ಬಗೆ ಇದು.

ಉಪೇಂದ್ರರ ಪಾತ್ರದ ಹೆಸರು ಕಾಲೀಶ. ದೇವನ ಹಳೆಯ ಜೊತೆಗಾರ. ಕಷ್ಟಕಾಲಕ್ಕೆ ಬರುತ್ತಾನೆ, ಬಡಿಯುತ್ತಾನೆ, ನಿಧಾನವಾಗಿ ನಡೆಯುತ್ತಾನೆ. ಇವನು ಯಾರು, ಇಷ್ಟು ವರ್ಷ ಹೊಟ್ಟೆಗೆ ಏನು ಮಾಡಿದ, ಇವನಿಗೊಂದು ಮನೆ ಮಠ ಇದೆಯೇ ಎಂಬುದನ್ನು ನಿರ್ದೇಶಕ ಲೋಕೇಶ್ ಕನಕರಾಜ್ ಅವರು ಕೇಳಿಕೊಂಡಂತೆ ಕಾಣುವುದಿಲ್ಲ. ಈ ಪಾತ್ರವನ್ನು ಕಿತ್ತುಹಾಕಿದರೆ ಕಥೆಗೆ ಗಾಯವಾಗುವುದಿಲ್ಲ, ರಕ್ತವೂ ಬರುವುದಿಲ್ಲ.

ಪಾತ್ರ ಚಿಕ್ಕದಾಯಿತೆಂಬುದು ನಮ್ಮ ದೂರಲ್ಲ. 2023ರ ‘ಜೈಲರ್’ ಚಿತ್ರದಲ್ಲಿ ಶ್ರೀ ಶಿವರಾಜ್‌ಕುಮಾರರು ಕೆಲವೇ ನಿಮಿಷ ಬಂದರು. ನರಸಿಂಹನೆಂಬ ಆ ಪಾತ್ರ ನೆನಪಿನಲ್ಲಿ ಕುಳಿತಿತು. ‘ಕೂಲಿ’ಯಲ್ಲಿಯೇ ನಮ್ಮ ರಚಿತಾ ರಾಮ್ ಅವರಿಗೆ ಎರಡು ಮುಖದ ಪಾತ್ರವೊಂದು ಸಿಕ್ಕಿ, ಪ್ರಚಾರದ ಭಿತ್ತಿಪತ್ರಗಳಲ್ಲಿ ದೊಡ್ಡದಾಗಿ ಕಾಣದಿದ್ದ ಆ ಹೆಣ್ಣುಮಗಳು ದೊಡ್ಡ ದೊಡ್ಡ ಗಂಡಸರನ್ನೆಲ್ಲ ಪಕ್ಕಕ್ಕೆ ಸರಿಸಿದರು. ಆದ್ದರಿಂದ ನಿಮಿಷದ ಲೆಕ್ಕ ಬೇಡ. ನಾವು ಕೇಳುವುದು, ಉಪೇಂದ್ರರನ್ನು ಅಲ್ಲಿಗೆ ಕರೆಸಿದ್ದು ಯಾಕೆ?

ಉತ್ತರಕ್ಕೆ ಪಾತ್ರವರ್ಗದ ಪಟ್ಟಿಯನ್ನೇ ನೋಡಬಹುದು. ತೆಲುಗಿನವರಿಗೆ ನಾಗಾರ್ಜುನ. ಮಲೆಯಾಳಿಗಳಿಗೆ ಸೌಬಿನ್ ಶಾಹಿರ್. ಹಿಂದಿಯವರಿಗೆ ಆಮಿರ್ ಖಾನ್. ಕನ್ನಡಿಗರಿಗೆ ಉಪೇಂದ್ರ. ದಾವಣಗೆರೆಯ ಮಂಡಿಯಲ್ಲಿ ನಿಂತು ನೋಡಿದವರಿಗೆ ಇದು ಚೆನ್ನಾಗಿ ಗೊತ್ತಿರುವ ಪದ್ಧತಿ. ಒಂದೊಂದು ಸೀಮೆಯ ಮಾಲಿಗೆ ಒಬ್ಬೊಬ್ಬ ದಲ್ಲಾಳಿ. ಪಾತ್ರಕ್ಕೆ ನಟನನ್ನು ಹುಡುಕಿದ್ದಲ್ಲ, ಪೇಟೆಗೆ ಮುಖವನ್ನು ಹುಡುಕಿದ್ದು. ಹೀಗೆ ಹಂಚಿ ಕೊಡುವುದಕ್ಕೆ ‘ಅಖಿಲ ಭಾರತ ಚಿತ್ರ’ವೆಂಬ ಘನವಾದ ಹೆಸರನ್ನೂ ಇಟ್ಟಿದ್ದಾರೆ. ಉಪೇಂದ್ರರು ತಾವೇ ರಜನೀಕಾಂತರ ಅಭಿಮಾನಿಯೆಂದು ಬಹಿರಂಗವಾಗಿ ಹೇಳಿಕೊಂಡವರು. ಅಭಿಮಾನ ತಪ್ಪಲ್ಲ. ಆದರೆ ಅವರ ಅಭಿಮಾನವನ್ನು ಕೊಂಡ ಧಣಿಗಳು ಅದರ ಜೊತೆಗೆ ನಮ್ಮ ಅಭಿಮಾನವನ್ನೂ ಗಂಟು ಕಟ್ಟಿಕೊಂಡು ಹೋದರು.

ಇದನ್ನು ಬರೆದರೆ ನಮ್ಮನ್ನು ತಮಿಳುದ್ವೇಷಿಗಳೆನ್ನುವವರು ಇದ್ದಾರೆ. ಅವರಿಗೆ ಒಂದು ಹಳೆಯ ಮಾತು ಜ್ಞಾಪಿಸುತ್ತೇವೆ. 2018ರ ಜೂನ್ 7ರಂದು ಇದೇ ರಜನೀಕಾಂತರ ‘ಕಾಲಾ’ ಬಿಡುಗಡೆಯಾಯಿತು. ಪಾ. ರಂಜಿತ್ ನಿರ್ದೇಶನದ ಆ ಚಿತ್ರದಲ್ಲಿ ಧಾರಾವಿಯ ಬಡವರು ಕಾಲಡಿಯ ನೆಲಕ್ಕಾಗಿ ಹೋರಾಡುತ್ತಾರೆ. ಅದೂ ವ್ಯಾಪಾರೀ ಚಿತ್ರವೇ, ಹಾಡು ಹೊಡೆದಾಟ ಎಲ್ಲ ಉಳ್ಳದ್ದೇ. ಆದರೆ ಅದರಲ್ಲಿ ಕಸ ಗುಡಿಸುವವನಿಗೂ ಬಟ್ಟೆ ಒಗೆಯುವವನಿಗೂ ಮುಖವಿತ್ತು. ಅವರು ಕೆಲಸ ನಿಲ್ಲಿಸಿದರೆ ಮುಂಬಯಿ ನಿಲ್ಲುತ್ತದೆಂಬ ತಿಳಿವಿತ್ತು. ಕಾವೇರಿಯ ವಿಚಾರದಲ್ಲಿ ರಜನೀಕಾಂತರು ಆಡಿದ ಮಾತಿಗಾಗಿ ನಮ್ಮ ರಾಜ್ಯದಲ್ಲಿ ಅದನ್ನು ತಡೆಯಲು ಹೊರಟರು, ವಾಣಿಜ್ಯ ಮಂಡಳಿಯೇ ಪ್ರದರ್ಶನ ಬೇಡವೆಂದಿತು. ಕೊನೆಗೆ ಉಚ್ಚ ನ್ಯಾಯಾಲಯ ರಕ್ಷಣೆ ಕೊಡಿರೆಂದು ಹೇಳಬೇಕಾಯಿತು. ಬಡವನ ನೆಲದ ಮಾತಾಡಿದ ಚಿತ್ರಕ್ಕೆ ಬಾಗಿಲು ಮುಚ್ಚಿ, ಬಡವನ ಹೆಸರನ್ನಷ್ಟೇ ಹೊತ್ತ ಚಿತ್ರಕ್ಕೆ ಹೂವಿನ ಹಾರ ಹಾಕುವ ಈ ಕನ್ನಡಾಭಿಮಾನದ ತಲೆಬುಡ ನಮಗೆ ತಿಳಿಯದು.

ವ್ಯಾಪಾರೀ ಚಿತ್ರದಲ್ಲಿ ಇದನ್ನೆಲ್ಲ ಹುಡುಕಬಾರದೆಂಬುದು ಇನ್ನೊಂದು ಸಮಾಧಾನ. ಯಾಕೆ ಹುಡುಕಬಾರದು? 1972ರ ‘ಬಂಗಾರದ ಮನುಷ್ಯ’ ಹಣ ಮಾಡದ ಚಿತ್ರವೇ? ಅದರಲ್ಲಿ ರಾಜ್‌ಕುಮಾರರು ಕಲ್ಲುನೆಲವನ್ನು ಒಡೆದು ಹೊಲ ಮಾಡುವುದನ್ನು ಕಾಣುತ್ತೇವೆ. ಬೆವರು ಕಾಣುತ್ತದೆ, ಬೆಳೆ ಕಾಣುತ್ತದೆ. 1983ರಲ್ಲಿ ‘ಕೂಲಿ’ ಎಂಬ ಹೆಸರಿನಲ್ಲೇ ಮನಮೋಹನ ದೇಸಾಯಿಯವರ ಹಿಂದಿ ಚಿತ್ರ ಬಂದಿತ್ತು. ಅದರ ಹೊಡೆದಾಟದ ದೃಶ್ಯವನ್ನು ಬೆಂಗಳೂರಿನಲ್ಲಿ ತೆಗೆಯುವಾಗಲೇ, 1982ರಲ್ಲಿ, ಅಮಿತಾಭ್ ಬಚ್ಚನ್ ಸಾವಿನ ದವಡೆಗೆ ಹೋಗಿ ಬಂದರು. ಚಿತ್ರದ ತುಂಬ ಕಾಕತಾಳೀಯಗಳು, ಪವಾಡಗಳು. ಆದರೂ ರೈಲ್ವೆ ನಿಲ್ದಾಣವಿತ್ತು, ತಲೆಯ ಮೇಲೆ ಪೆಟ್ಟಿಗೆಯಿತ್ತು, ಅವಮಾನವಾದಾಗ ಪೆಟ್ಟಿಗೆ ಇಳಿಸಿ ಮುಷ್ಕರ ಹೂಡುವ ಕೂಲಿಗಳಿದ್ದರು. ಸುಳ್ಳು ಕಥೆಯಾದರೂ ಕೂಲಿಯ ಕಥೆ. 42 ವರ್ಷ ಕಳೆದ ಮೇಲೆ ಅಷ್ಟೂ ಬೇಡವಾಯಿತೇ?

ಇನ್ನು ಹಣದ ಮಾತು. 2025-26ರ ಸಾಲಿನಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಚಿತ್ರದ ಮೊದಲ ದಿನ ಬೆಂಗಳೂರಿನ ಕೆಲವು ಮಂದಿರಗಳಲ್ಲಿ ಟಿಕೀಟು ಸಾವಿರ ದಾಟಿತ್ತು. ಅಂದರೆ ‘ಕೂಲಿ’ಯನ್ನು ನೋಡಲು ಜಗಳೂರಿನ ಕೂಲಿಕಾರನಿಗೆ ಸುಮಾರು ಮೂರು ದಿನದ ಕೂಲಿ ಬೇಕು. ಊಟ, ಬಸ್ ಛಾರ್ಜು ಬೇರೆ. ನಮ್ಮೂರಿನಿಂದ ಹೋಗಿ ರಾಜಧಾನಿಯಲ್ಲಿ ಗಾರೆ ಕೆಲಸ ಮಾಡುವ, ಮನೆ ಮನೆಗೆ ಊಟದ ಪೊಟ್ಟಣ ಮುಟ್ಟಿಸುವ ಹುಡುಗರೇ ಈ ದುಡ್ಡು ತೆತ್ತವರು. ರಾಜ್ಯ ಸರ್ಕಾರ ಬಜೆಟ್ಟಿನಲ್ಲಿ ಮಾತು ಕೊಟ್ಟಂತೆ 2025ರ ಸೆಪ್ಟೆಂಬರ್ 12ರಂದು ಟಿಕೀಟಿಗೆ 200 ರೂಪಾಯಿಯ ಮಿತಿ ಹಾಕಿತು. ಹನ್ನೊಂದೇ ದಿನದಲ್ಲಿ, 23ರಂದು, ಉಚ್ಚ ನ್ಯಾಯಾಲಯದಿಂದ ಅದಕ್ಕೆ ತಡೆ ಬಂತು. ತಡೆ ಕೇಳಿ ಹೋದವರಲ್ಲಿ ಮಲ್ಟಿಪ್ಲೆಕ್ಸ್ ಮಾಲೀಕರ ಜೊತೆಗೆ ಕನ್ನಡದ ನಿರ್ಮಾಣ ಸಂಸ್ಥೆಯೂ ಇತ್ತು. ಹಣದ ಪೆಟ್ಟಿಗೆಗೆ ತಮಿಳು ಕನ್ನಡವೆಂಬ ಭೇದವಿಲ್ಲ. ಭೇದವೆಲ್ಲ ನಮ್ಮ ಹುಡುಗರು ಬೀದಿಯಲ್ಲಿ ಕೂಗಾಡಲಿಕ್ಕೆ.

ಅಭಿಮಾನಿ ಸಂಘಗಳವರಿಗೂ ಒಂದು ಮಾತು ಹೇಳಬೇಕು. ಕಟೌಟಿಗೆ ಹಾಲು ಸುರಿಯುವ ಕೈಗಳನ್ನು ಕಂಡಿದ್ದೇವೆ. ಆ ಕೈಗಳಲ್ಲಿ ಅರ್ಧಕ್ಕರ್ಧ ಬೆಳಗಿನ ಜಾವ ಹಾಲು ಕರೆದು ಡೈರಿಗೆ ಹಾಕುವ ಮನೆಯವು. ಚಿತ್ರ ಚೆನ್ನಾಗಿಲ್ಲವೆಂದು ಒಬ್ಬ ಹೇಳಿದರೆ ಅವನ ಮೇಲೆ ಏರಿ ಹೋಗುವುದು ಅಭಿಮಾನವಲ್ಲ, ಜೀತ. ತಲೆ ಓಡಿಸು ಎಂದು ನಿಮಗೆ ಕಲಿಸಿದವರು ಉಪೇಂದ್ರರೇ ಅಲ್ಲವೇ? ಅವರ ಪಾಠವನ್ನು ಅವರ ಚಿತ್ರಕ್ಕೇ ಹಚ್ಚಿ ನೋಡಿ. ಅವರು ಅದಕ್ಕೆ ಸಿಟ್ಟಾಗುವವರೆಂದು ನಾವು ಈಗಲೂ ನಂಬುವುದಿಲ್ಲ.

ಶ್ರೀ ಉಪೇಂದ್ರರಿಗೆ ನಮ್ಮದು ಬೈಗುಳವಲ್ಲ, ಕರೆ. ಮುಂದಿನ ಅಡಿಕೆ ಸುಗ್ಗಿಗೆ ಚನ್ನಗಿರಿಯ ಕಡೆ ಬನ್ನಿ. ರಾತ್ರಿ ಹೊತ್ತು ದೀಪದಡಿಯಲ್ಲಿ ಕುಳಿತು ಸುಲಿಯುವ ಹೆಂಗಸರ ನಡುವೆ ಅರ್ಧ ಗಂಟೆ ಕೂರಿ. ಡಬ್ಬಕ್ಕೆ ಎಷ್ಟು, ತುಂಬಿಸಲು ಎಷ್ಟು ಹೊತ್ತು ಎಂದು ಕೇಳಿ. ಕ್ಯಾಮರಾ ತಂದರೂ ಸರಿ, ತರದಿದ್ದರೂ ಸರಿ. 2017ರ ಖಾಕಿ ಅಂಗಿ ಇನ್ನೂ ಇದ್ದರೆ ಅದನ್ನೇ ತೊಟ್ಟು ಬನ್ನಿ. ಅಡಿಕೆಯ ಚೊಗರು ಬಿಳಿ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ.